ಎಂಜಿನ್ ಎಡಗಡೆ ಚರಚರ ಅಂತಿದೆಯಾ? ಟೈಮಿಂಗ್ ಚೈನ್ ಬದಲಿಸುವುದು ಹೀಗೆ

ಬಳ್ಳಾರಿಯಿಂದ ತೋರಣಗಲ್ಲಿಗೆ ಸುಮಾರು 30 ಕಿಲೋಮೀಟರ್. ಹೋಗಿ ಬಂದರೆ 60. ಉಕ್ಕಿನ ಕಾರ್ಖಾನೆಯ ಶಿಫ್ಟಿಗೆ ಬೈಕಿನಲ್ಲೇ ಓಡಾಡುವವರ ಲೆಕ್ಕ ಹಾಕಿ ನೋಡಿ. ತಿಂಗಳಿಗೆ 25 ದಿನ ಅಂದರೂ ವರ್ಷಕ್ಕೆ 18 ಸಾವಿರ ಕಿ.ಮೀ. ಆಯಿತು. ನಾಲ್ಕು ವರ್ಷಕ್ಕೆ ಮೀಟರ್ 70 ಸಾವಿರ ದಾಟುತ್ತದೆ. ಜೊತೆಗೆ ಅದಿರು ಲಾರಿಗಳ ಕೆಂಪು ಧೂಳು, ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಬಿಸಿಲು. ಇಷ್ಟು ದುಡಿದ ಬೈಕು ಬೆಳಿಗ್ಗೆ ಕಿಕ್ ಹೊಡೆದ ಕೂಡಲೇ ಎಡಗಡೆಯಿಂದ ಸದ್ದು ಶುರು ಮಾಡಿದರೆ ಮೊದಲ ಅನುಮಾನ ಟೈಮಿಂಗ್ ಚೈನ್ ಮೇಲೆ.

ಹಿಂದಿನ ಚಕ್ರಕ್ಕೆ ಹೋಗುವ ಚೈನ್ ಎಲ್ಲರಿಗೂ ಕಾಣುತ್ತದೆ. ಟೈಮಿಂಗ್ ಚೈನ್ ಇರುವುದು ಎಂಜಿನ್ ಒಳಗೆ. ಕ್ರ್ಯಾಂಕ್ (ಪಿಸ್ಟನ್ ತಿರುಗಿಸುವ ಶಾಫ್ಟ್) ಎರಡು ಸುತ್ತು ತಿರುಗುವಷ್ಟರಲ್ಲಿ ಕ್ಯಾಮ್ (ವಾಲ್ವ್ ತೆರೆಸುವ ಶಾಫ್ಟ್) ಒಂದೇ ಸುತ್ತು ತಿರುಗಬೇಕು, ಆಗಲೇ ವಾಲ್ವ್‌ಗಳು ಸರಿಯಾದ ಹೊತ್ತಿಗೆ ತೆರೆದು ಮುಚ್ಚುತ್ತವೆ. ಈ ಕ್ರ್ಯಾಂಕ್–ಕ್ಯಾಮ್ ಜೋಡಿಯನ್ನು ಕಟ್ಟಿಟ್ಟಿರುವುದು ಈ ಸಣ್ಣ ಚೈನು. ಚೈನ್ 'ಉದ್ದ ಆಗಿದೆ' ಅಂತೀವಲ್ಲ, ಅದು ರಬ್ಬರಿನಂತೆ ಎಳೆದು ಉದ್ದ ಆಗುವುದಲ್ಲ. ಒಂದೊಂದು ಪಿನ್ನೂ ಒಂದಿಷ್ಟು ಸವೆಯುತ್ತದೆ. ಒಂದು ಕೊಂಡಿ 0.02 ಮಿ.ಮೀ. ಸವೆದರೂ 80 ಕೊಂಡಿಗೆ 1.6 ಮಿ.ಮೀ. ಆಯಿತು. ಅಷ್ಟು ಸಡಿಲ ಸಾಕು, ಕ್ಯಾಮ್ ತಡವಾಗಿ ತಿರುಗುತ್ತದೆ, ಪಿಕಪ್ ಇಳಿಯುತ್ತದೆ, ಸ್ಟಾರ್ಟಿಂಗ್ ಕಷ್ಟ ಆಗುತ್ತದೆ. ಹಾಗೇ ಬಿಟ್ಟರೆ ಒಂದು ದಿನ ಚೈನ್ ಹಲ್ಲು ಹಾರುತ್ತದೆ. ವಾಲ್ವ್ ಹೋಗಿ ಪಿಸ್ಟನ್‌ಗೆ ಬಡಿದರೆ ಖರ್ಚಿನ ಲೆಕ್ಕವೇ ಬೇರೆ.

ಇಲ್ಲಿ ಹೇಳುತ್ತಿರುವುದು ನಮ್ಮ ಕಡೆ ಬೀದಿಗೆ ಹತ್ತು ಸಿಗುವ ಸ್ಪ್ಲೆಂಡರ್ ತರಹದ, ಸಿಲಿಂಡರ್ ಮುಂದಕ್ಕೆ ಮಲಗಿರುವ 100 ಸಿಸಿ ಎಂಜಿನ್‌ಗಳ ಬಗ್ಗೆ. 1994ರಲ್ಲಿ ಬಂದ ಈ ಗಾಡಿಯ 97.2 ಸಿಸಿ ಎಂಜಿನ್‌ನ ಮೂಲ ವಿನ್ಯಾಸ ಅಷ್ಟೇನೂ ಬದಲಾಗಿಲ್ಲ. ಸಿಲಿಂಡರ್ ನೆಟ್ಟಗಿರುವ ಬೈಕುಗಳಲ್ಲಿ ಟೆನ್ಷನರ್ (ಚೈನ್ ಸಡಿಲವಾಗದಂತೆ ಒತ್ತಿ ಹಿಡಿಯುವ ಭಾಗ) ಇರುವ ಜಾಗ, ಮಾರ್ಕ್‌ಗಳು ಬೇರೆ. ಅವುಗಳಿಗೆ ಆಯಾ ಕೈಪಿಡಿಯೇ ಗತಿ.

ಮೊದಲು ಸದ್ದು ಯಾವುದು ನೋಡಿ

ಟ್ಯಾಪೆಟ್ (ವಾಲ್ವ್ ಸಂದು ಹೊಂದಿಸುವ ಸ್ಕ್ರೂ) ಸದ್ದು ಮೇಲಿಂದ ಬರುತ್ತದೆ. ಟಿಕ್ ಟಿಕ್ ಅಂತ ಒಂದೇ ಲಯ. ಚೈನ್ ಸದ್ದು ಎಡಗಡೆ ಸಿಲಿಂಡರ್ ಉದ್ದಕ್ಕೂ ಚರಚರ ಅಂತ ಹರಿಯುತ್ತದೆ, ರೇಸ್ ಕೊಟ್ಟು ಬಿಟ್ಟಾಗ ಜಾಸ್ತಿ. ಉದ್ದನೆಯ ಸ್ಕ್ರೂಡ್ರೈವರ್ ತುದಿಯನ್ನು ಸಿಲಿಂಡರ್ ಎಡಬದಿಗೆ ಒತ್ತಿ, ಹಿಡಿಯನ್ನು ಕಿವಿಗೆ ಇಟ್ಟು ಕೇಳಿ. ಆಮೇಲೆ ತುದಿಯನ್ನು ಟ್ಯಾಪೆಟ್ ಕ್ಯಾಪ್ ಮೇಲಿಡಿ. ವ್ಯತ್ಯಾಸ ತಾನಾಗೇ ಗೊತ್ತಾಗುತ್ತದೆ.

ಚೈನ್ ಸದ್ದೇ ಅಂತಾದರೂ ಎಲ್ಲ ಬಿಚ್ಚಲು ಅವಸರ ಬೇಡ. ಎಂಜಿನ್ ತಳದಲ್ಲಿ ಟೆನ್ಷನರ್ ಬೋಲ್ಟ್ ಇದೆ. ಅದನ್ನು ಬಿಚ್ಚಿದರೆ ಸ್ಪ್ರಿಂಗ್, ಪುಶ್ ರಾಡ್ ಕೆಳಗೆ ಇಳಿಯುತ್ತವೆ, ಜೊತೆಗೆ ಒಂದಿಷ್ಟು ಆಯಿಲ್ ಕೂಡ. ರಾಡಿನ ತಲೆಯ ರಬ್ಬರ್ ತಿಂದುಹೋಗಿದ್ದರೆ, ಸ್ಪ್ರಿಂಗ್ ಕುಗ್ಗಿದ್ದರೆ ಅವೆರಡನ್ನೇ ಬದಲಿಸಿ ನೋಡಿ. ಎಷ್ಟೋ ಸಲ ಸದ್ದು ಅಲ್ಲಿಗೇ ನಿಲ್ಲುತ್ತದೆ. ಇನ್ನು 'ದಪ್ಪ ಆಯಿಲ್ ಹಾಕಿಸಿ, ಸೌಂಡ್ ಹೋಗುತ್ತೆ' ಅನ್ನುವ ಸಲಹೆ. ಸೌಂಡ್ ಹೋಗಬಹುದು, ಸವೆತ ಹೋಗುವುದಿಲ್ಲ. ಈ ಎಂಜಿನ್‌ಗೆ 10ಡಬ್ಲ್ಯೂ–30 ಆಯಿಲ್ ಹೇಳಿದ್ದಾರೆ, ಅದನ್ನೇ ಹಾಕಿ.

ಬೇಕಾಗುವ ಸಾಮಾನು

ಚೈನ್ ಒಂದನ್ನೇ ತರಬೇಡಿ. ಚೈನ್, ಕ್ಯಾಮ್ ಸ್ಪ್ರಾಕೆಟ್, ಗೈಡ್ ರೋಲರ್, ಟೆನ್ಷನರ್ ರೋಲರ್, ಪುಶ್ ರಾಡ್ ಸೇರಿದ ಕಿಟ್ ಸಿಗುತ್ತದೆ. ಸವೆದ ಹಲ್ಲಿನ ಮೇಲೆ ಹೊಸ ಚೈನ್ ಹಾಕಿದರೆ ಅದೂ ಬೇಗ ಹಾಳಾಗುತ್ತದೆ. ಜೊತೆಗೆ ಗ್ಯಾಸ್ಕೆಟ್‌ಗಳು, ಮ್ಯಾಗ್ನೆಟ್ (ಕ್ರ್ಯಾಂಕ್ ತುದಿಯಲ್ಲಿ ತಿರುಗಿ ಕರೆಂಟ್ ಹುಟ್ಟಿಸುವ ಚಕ್ರ) ಹಿಂದಿನ ಆಯಿಲ್ ಸೀಲ್, ಓ ರಿಂಗ್, ಟೆನ್ಷನರ್ ಬೋಲ್ಟಿನ ವಾಷರ್. ಪಾನಾ, ಟಿ ಸ್ಪ್ಯಾನರ್ ಮನೆಯಲ್ಲಿರುತ್ತವೆ. ಮ್ಯಾಗ್ನೆಟ್ ಪುಲ್ಲರ್, ಮ್ಯಾಗ್ನೆಟ್ ಹಿಡಿಯುವ ಹೋಲ್ಡರ್, ಫಿಲ್ಲರ್ ಗೇಜ್ (ಸಂದು ಅಳೆಯುವ ತೆಳು ಲೋಹದ ಎಲೆಗಳು) ಮಾತ್ರ ಹೊಂದಿಸಿಕೊಳ್ಳಬೇಕು. ಪುಲ್ಲರ್ ಇಲ್ಲದಿದ್ದರೆ ಈ ಕೆಲಸಕ್ಕೆ ಕೈ ಹಾಕಬೇಡಿ. ಸುತ್ತಿಗೆಯಲ್ಲಿ ಬಡಿದು ಮ್ಯಾಗ್ನೆಟ್ ಬಿಚ್ಚುವವರಿದ್ದಾರೆ. ಹಾಗೆ ಮಾಡಿದರೆ ಕ್ರ್ಯಾಂಕ್ ತುದಿಯ ಥ್ರೆಡ್ ಹೋಗುತ್ತದೆ, ಮ್ಯಾಗ್ನೆಟ್ ಬಿರುಕು ಬಿಡುತ್ತದೆ.

ಬಿಚ್ಚುವ ಮೊದಲು ಬೈಕ್ ಚೆನ್ನಾಗಿ ತೊಳೆಯಿರಿ. ಸಂಡೂರು ಕಡೆ ಓಡಾಡುವ ಗಾಡಿಯ ಫಿನ್‌ಗಳ ಸಂದಿಯಲ್ಲಿ ಕೆಂಪು ಧೂಳು ಆಯಿಲ್ ಜೊತೆ ಕಲಸಿ ಗಟ್ಟಿಯಾಗಿ ಕೂತಿರುತ್ತದೆ. ಡೀಸೆಲ್ ಹಚ್ಚಿ ಬ್ರಷ್‌ನಿಂದ ಉಜ್ಜಿ ತೆಗೆಯಿರಿ. ಆ ಧೂಳು ಎಂಜಿನ್ ಒಳಗೆ ಬಿದ್ದರೆ ಹೊಸ ಚೈನ್ ಹಾಕಿಯೂ ಪ್ರಯೋಜನವಿಲ್ಲ.

ಬಿಚ್ಚುವುದು

ಮೇನ್ ಸ್ಟ್ಯಾಂಡ್ ಹಾಕಿ, ತಣ್ಣಗಿರುವ ಎಂಜಿನ್‌ನ ಆಯಿಲ್ ಇಳಿಸಿ. ಸ್ಪಾರ್ಕ್ ಪ್ಲಗ್ ತೆಗೆಯಿರಿ. ಗೇರ್ ಲಿವರ್ ಶಾಫ್ಟಿನ ಮೇಲೆ ಯಾವ ಜಾಗದಲ್ಲಿ ಕೂತಿದೆ ಅಂತ ಗುರುತು ಮಾಡಿ ಬಿಚ್ಚಿ, ಆಮೇಲೆ ಎಡಗಡೆ ಕವರ್ (ಅದನ್ನು ತೆಗೆಯುವ ಮೊದಲು ಕೆಳಗೆ ಹೇಳಿರುವ ಕಿಂಡಿಯ ಗುರುತಿನ ಮಾತು ಓದಿಕೊಳ್ಳಿ). ಹೆಡ್‌ನ (ಸಿಲಿಂಡರ್ ತಲೆಭಾಗದ) ಎಡಬದಿಯ ದುಂಡು ಕವರನ್ನೂ ತೆಗೆದರೆ ಕ್ಯಾಮ್ ಸ್ಪ್ರಾಕೆಟ್ ಕಾಣುತ್ತದೆ.

ಇನ್ನು ಮುಂದಿನದು ಇಡೀ ಕೆಲಸದ ಜೀವಾಳ. ಬೈಕನ್ನು ನಾಲ್ಕನೇ ಗೇರಿಗೆ ಹಾಕಿ, ಹಿಂದಿನ ಚಕ್ರವನ್ನು ಕೈಯಿಂದ ಮುಂದಕ್ಕೆ ನಿಧಾನವಾಗಿ ತಿರುಗಿಸಿ. ಪ್ಲಗ್ ತೆಗೆದಿರುವುದರಿಂದ ಎಂಜಿನ್ ಹಗುರವಾಗಿ ತಿರುಗುತ್ತದೆ. ಮ್ಯಾಗ್ನೆಟ್ ಮೇಲಿನ ಇಂಗ್ಲಿಷ್ 'ಟಿ' ಅಕ್ಷರದ ಗೆರೆ ಅದರ ಗುರುತಿಗೆ ಎದುರಾಗಬೇಕು. ಪಕ್ಕದಲ್ಲೇ 'ಎಫ್' ಗೆರೆಯೂ ಇದೆ, ಅದು ಕರೆಂಟ್ ಹಾರುವ ಜಾಗ, ಗೊಂದಲ ಮಾಡಿಕೊಳ್ಳಬೇಡಿ. ಅದೇ ಹೊತ್ತಿಗೆ ಕ್ಯಾಮ್ ಸ್ಪ್ರಾಕೆಟ್ ಮೇಲಿನ 'ಓ' ಗುರುತು ಹೆಡ್‌ನ ಕಚ್ಚಿಗೆ ಎದುರಾಗಿರಬೇಕು. ಎರಡೂ ರಾಕರ್‌ಗಳು (ವಾಲ್ವ್ ಒತ್ತುವ ತೋಳುಗಳು) ಸಡಿಲ ಇರಬೇಕು. ಬಿಗಿ ಇದ್ದರೆ ಇನ್ನೊಂದು ಸುತ್ತು ತಿರುಗಿಸಿ. ಸವೆದ ಚೈನ್ ಆದರೆ 'ಟಿ' ಸರಿಯಾಗಿ ಕೂತರೂ 'ಓ' ಸ್ವಲ್ಪ ಹಿಂದೆ ಉಳಿದಿರುತ್ತದೆ. ನಿಮ್ಮ ಅನುಮಾನಕ್ಕೆ ಅದೇ ಸಾಕ್ಷಿ.

'ಟಿ' ಎದುರಿನ ಗುರುತು ಕೆಲವು ಗಾಡಿಗಳಲ್ಲಿ ಕವರಿನ ಕಿಂಡಿಯಲ್ಲೇ ಇರುತ್ತದೆ. ಕವರ್ ತೆಗೆದರೆ ಗುರುತೂ ಹೋಯಿತು. ಅಂಥದ್ದಾದರೆ ಕವರ್ ಬಿಚ್ಚುವ ಮೊದಲೇ ಕಿಂಡಿಯಲ್ಲಿ 'ಟಿ' ಕೂಡಿಸಿ, ಆಮೇಲೆ ಚಕ್ರ ಅಲುಗಾಡಿಸದೆ ಕವರ್ ತೆಗೆದು, ಮ್ಯಾಗ್ನೆಟ್ ಮೇಲೂ ಕ್ರ್ಯಾಂಕ್‌ಕೇಸ್ ಮೇಲೂ ಎದುರುಬದುರಾಗಿ ಬಿಳಿ ಮಾರ್ಕರ್ ಗೀಟು ಹಾಕಿ. ಫೋನಿನಲ್ಲಿ ಫೋಟೊ ಹೊಡೆದುಕೊಳ್ಳಿ.

ಈಗ ಟೆನ್ಷನರ್ ಬೋಲ್ಟ್ ಬಿಚ್ಚಿ ಸ್ಪ್ರಿಂಗ್, ರಾಡ್ ಹೊರತೆಗೆಯಿರಿ. ಹೆಡ್ ಒಳಗಿನ ಚೈನ್ ಸಂದಿಗೆ ಬಟ್ಟೆ ತುರುಕಿ ಕ್ಯಾಮ್ ಸ್ಪ್ರಾಕೆಟ್ ಬೋಲ್ಟ್ ಬಿಚ್ಚಿ. ಬಟ್ಟೆ ಇಲ್ಲದೆ ಬೋಲ್ಟ್ ಕೈ ಜಾರಿತೋ, ನೇರ ಎಂಜಿನ್ ತಳಕ್ಕೆ. ಮ್ಯಾಗ್ನೆಟ್ ನಟ್ ಬಿಚ್ಚಿ ಪುಲ್ಲರ್ ಪೂರ್ತಿ ಥ್ರೆಡ್ ಹಿಡಿಯುವಂತೆ ಹಾಕಿ ಬಿಗಿ ಮಾಡಿ. 'ಟಕ್' ಅಂತ ಬಿಟ್ಟುಕೊಳ್ಳುತ್ತದೆ. ಶಾಫ್ಟಿನ ಮೇಲಿರುವ ಹಾಫ್ ಮೂನ್ ಕೀ ಎತ್ತಿಡಿ. ಕಾಯಿಲ್ ಪ್ಲೇಟಿನ ವೈರ್ ಕಪ್ಲರ್ ಬಿಡಿಸಿ ಪ್ಲೇಟ್ ತೆಗೆದರೆ ಕ್ರ್ಯಾಂಕ್ ಮೇಲಿನ ಚಿಕ್ಕ ಹಲ್ಲಿನ ಚಕ್ರ, ಚೈನ್ ಎರಡೂ ಕಣ್ಣೆದುರಿಗೆ.

ಸಿಲಿಂಡರ್ ಬದಿಯ ಗೈಡ್ ರೋಲರ್ ಬೋಲ್ಟ್ ಬಿಚ್ಚಿ ರೋಲರನ್ನು ನೋಸ್ ಪ್ಲೈಯರ್‌ನಲ್ಲಿ ಹಿಡಿದು ತೆಗೆಯಲು ನೋಡಿ. ಬರಲಿಲ್ಲ ಅಂದರೆ ಬಲ ಹಾಕಬೇಡಿ, ಹೆಡ್ ಇಳಿಸಿ. ಒಂದು ಗ್ಯಾಸ್ಕೆಟ್ ಜಾಸ್ತಿ ಖರ್ಚು, ಅಷ್ಟೇ. ಹಳೆ ಚೈನಿಗೆ ಬೈಂಡಿಂಗ್ ವೈರ್ ಕಟ್ಟಿ ಕೆಳಗೆ ಎಳೆದುಕೊಳ್ಳಿ. ಹೊಸದನ್ನು ಮೇಲೆ ಏರಿಸಲು ಅದೇ ದಾರಿ. ಹಳೆಯದನ್ನೂ ಹೊಸದನ್ನೂ ಅಡ್ಡಡ್ಡ ಹಿಡಿದು ನೋಡಿ. ಹೊಸದು ನೆಟ್ಟಗೆ ನಿಲ್ಲುತ್ತದೆ, ಹಳೆಯದು ಬಾಡಿದ ಬಳ್ಳಿಯಂತೆ ಕೆಳಗೆ ಬಾಗುತ್ತದೆ. ಕ್ರ್ಯಾಂಕ್ ಮೇಲಿನ ಹಲ್ಲುಗಳೂ ಕೊಕ್ಕೆಯಾಗಿದ್ದರೆ ಅದನ್ನು ಬಿಚ್ಚಲು ಬೇರೆಯೇ ಪುಲ್ಲರ್ ಬೇಕು. ಅಷ್ಟನ್ನು ಮೆಕ್ಯಾನಿಕ್‌ಗೆ ಬಿಡಿ.

ಜೋಡಿಸುವುದು

ಹೊಸ ಚೈನಿಗೆ ಎಂಜಿನ್ ಆಯಿಲ್ ಸವರಿ ಕ್ರ್ಯಾಂಕ್ ಹಲ್ಲಿಗೆ ಕೂಡಿಸಿ, ವೈರ್ ಹಿಡಿದು ಮೇಲೆ ಎಳೆಯಿರಿ. ಹೊಸ ರೋಲರ್‌ಗಳನ್ನು ಹಾಕಿ. ಹೊಸ ಸೀಲ್, ಓ ರಿಂಗ್ ಹಾಕಿ ಕಾಯಿಲ್ ಪ್ಲೇಟ್ ಕೂಡಿಸಿ. ಮ್ಯಾಗ್ನೆಟ್ ಹಾಕುವ ಮೊದಲು ಅದರ ಒಳಗೆ ಒಂದು ಸಲ ಕೈಯಾಡಿಸಿ. ನೆಲದ ಮೇಲಿಟ್ಟಾಗ ಒಂದು ವಾಷರೋ ಕಬ್ಬಿಣದ ಪುಡಿಯೋ ಅಂಟಿಕೊಂಡಿರುತ್ತದೆ. ನಮ್ಮೂರ ಮಣ್ಣಿನಲ್ಲೂ ಅದಿರು ಕಮ್ಮಿಯಿಲ್ಲ ನೋಡಿ.

ಮ್ಯಾಗ್ನೆಟ್ ಬಿಗಿ ಮಾಡಿ 'ಟಿ' ಗುರುತು ಕೂಡಿಸಿ. ಕ್ಯಾಮ್ ಸ್ಪ್ರಾಕೆಟ್ 'ಓ' ಗುರುತು ಕಚ್ಚಿಗೆ ಎದುರಾಗುವಂತೆ ಚೈನ್ ಏರಿಸಿ ಬೋಲ್ಟ್ ಹಾಕಿ. ಇವು ಸಣ್ಣ ಬೋಲ್ಟುಗಳು, ಕೈಬಲವೆಲ್ಲ ಹಾಕಿದರೆ ಒಳಗೇ ಮುರಿಯುತ್ತವೆ. ಪುಶ್ ರಾಡ್, ಸ್ಪ್ರಿಂಗ್, ಹೊಸ ವಾಷರ್ ಜೊತೆ ಟೆನ್ಷನರ್ ಬೋಲ್ಟ್ ಹಾಕಿ. ಈಗ ಗುರುತು ಮತ್ತೆ ನೋಡಿ. ಟೆನ್ಷನರ್ ಇಲ್ಲದಾಗ ಸರಿ ಕಂಡದ್ದು ಈಗ ಒಂದು ಹಲ್ಲು ಆಚೀಚೆ ಕಾಣಬಹುದು.

ಹಾಗೆ ಕಂಡರೆ ಸ್ಪ್ರಾಕೆಟ್ ತೆಗೆದು ಮತ್ತೆ ಹಾಕಿ, ಬೇಸರ ಬೇಡ. ಸರಿ ಇದ್ದರೆ ಹಿಂದಿನ ಚಕ್ರ ಹಿಡಿದು ಕ್ರ್ಯಾಂಕ್ ಪೂರ್ತಿ ಎರಡು ಸುತ್ತು ತಿರುಗಿಸಿ. ನಡುವೆ ಎಲ್ಲಾದರೂ ಗಟ್ಟಿಯಾಗಿ ತಡೆದರೆ ಅಲ್ಲೇ ನಿಲ್ಲಿಸಿ. ವಾಲ್ವ್ ಪಿಸ್ಟನ್‌ಗೆ ತಾಗುತ್ತಿರಬಹುದು. ಎರಡು ಸುತ್ತಾದ ಮೇಲೂ 'ಟಿ', 'ಓ' ಎರಡೂ ತಮ್ಮ ಜಾಗದಲ್ಲಿದ್ದರೆ ಮಾತ್ರ ಕವರ್ ಮುಚ್ಚಿ. ಇದನ್ನು ಬಿಟ್ಟು ಕಿಕ್ ಹೊಡೆಯುವುದು ಜೂಜು.

ಆಮೇಲೆ ಟ್ಯಾಪೆಟ್. ಚೈನ್ ಬದಲಾದಾಗ ಇದನ್ನೂ ನೋಡಲೇಬೇಕು. ಹಳೆಯ 100 ಸಿಸಿ ಗಾಡಿಗಳಲ್ಲಿ ಸಂದು 0.05 ಮಿ.ಮೀ. ಆಸುಪಾಸು. ನಿಮ್ಮ ಮಾಡೆಲ್‌ನ ಅಳತೆ ಕೈಪಿಡಿಯಲ್ಲಿ ಸಿಗುತ್ತದೆ. ಫಿಲ್ಲರ್ ಗೇಜ್ ಎಲೆ ತುಸು ಹಿಡಿದು ಜಾರಬೇಕು.

ಹೊಸ ಆಯಿಲ್ ಹಾಕಿ, ಪ್ಲಗ್ ಹಾಕಿ, ನ್ಯೂಟ್ರಲ್‌ನಲ್ಲಿ ಸ್ಟಾರ್ಟ್ ಮಾಡಿ. ಮೊದಲ ಕೆಲವು ಕ್ಷಣ ಸ್ವಲ್ಪ ಸದ್ದು ಬಂದರೆ ಗಾಬರಿ ಬೇಡ, ಆಯಿಲ್ ಏರಲಿ. ನಿಲ್ಲದಿದ್ದರೆ ಆಫ್ ಮಾಡಿ ಟೆನ್ಷನರ್ ನೋಡಿ. ಮೊದಲ ದಿನವೇ ಹೆದ್ದಾರಿ ಹತ್ತಬೇಡಿ. ಕೌಲ್ ಬಜಾರ್ ಕಡೆ ಒಂದು ಸುತ್ತು ಹಾಕಿ ಬಂದು, ಟೆನ್ಷನರ್ ಬೋಲ್ಟ್, ಹೆಡ್ ಕವರ್ ಅಂಚಿನಲ್ಲಿ ಆಯಿಲ್ ಒಸರಿದೆಯಾ ಅಂತ ಬೆರಳಾಡಿಸಿ. ಎಂಜಿನ್ ಪೂರ್ತಿ ತಣ್ಣಗಾದ ಮೇಲೆ ಟ್ಯಾಪೆಟ್ ಇನ್ನೊಮ್ಮೆ ಅಳೆದು, ಡಿಪ್‌ಸ್ಟಿಕ್ ತೆಗೆದು ಆಯಿಲ್ ಮಟ್ಟ ನೋಡಿಕೊಳ್ಳಿ.