ಮೂವರಿಗೆ ಒಂದೇ ಕೀಬೋರ್ಡ್: ಐಸಿಪಿಸಿಗೆ ನಾವು ತಯಾರಾದ ಬಗೆ

ಕಾಲೇಜು ವಿದ್ಯಾರ್ಥಿಗಳ ಪ್ರೋಗ್ರಾಮಿಂಗ್ ಸ್ಪರ್ಧೆ ಐಸಿಪಿಸಿಗೆ ಹೆಸರು ಕೊಟ್ಟ ಜೂನಿಯರ್‌ಗಳು ಮೊದಲು ಕೇಳುವುದು, "ಅಣ್ಣಾ, ಯಾವ್ಯಾವ ಆಲ್ಗಾರಿದಮ್ ಓದಬೇಕು?" ಅಂತ (ಆಲ್ಗಾರಿದಮ್ ಅಂದರೆ ಸಮಸ್ಯೆ ಬಿಡಿಸುವ ಹಂತ ಹಂತದ ವಿಧಾನ). ನಾನು ಅವರಿಗೆ ಮೊದಲು ನಿಯಮ ಓದಿಸುತ್ತೇನೆ. ತಂಡಕ್ಕೆ ಮೂವರು, ಕಂಪ್ಯೂಟರ್ ಒಂದು, ಸಮಯ 5 ಗಂಟೆ, ಸಮಸ್ಯೆಗಳು ಸುಮಾರು ಹತ್ತು-ಹನ್ನೆರಡು, ಒಂದೊಂದಕ್ಕೂ ಒಂದು ಪ್ರೋಗ್ರಾಮ್ ಬರೆಯಬೇಕು. ಇಂಟರ್ನೆಟ್ ಇಲ್ಲ, ಮೊಬೈಲ್ ಇಲ್ಲ, ಶುರುವಾದ ಮೇಲೆ ಕೋಚ್ ಜೊತೆ ಮಾತಿಲ್ಲ. ಇಷ್ಟನ್ನು ಒಂದು ಸಲ ನಿಧಾನಕ್ಕೆ ಯೋಚಿಸಿದರೆ ಸಾಕು, ಅಲ್ಲಿ ಎಲ್ಲಕ್ಕಿಂತ ತುಟ್ಟಿ ವಸ್ತು ಕೀಬೋರ್ಡ್ ಅಂತ ಗೊತ್ತಾಗುತ್ತದೆ. ನಮ್ಮ ತಯಾರಿಯೆಲ್ಲ ಆ ಕೀಬೋರ್ಡಿನ ಸುತ್ತಲೇ ನಡೆದದ್ದು.

ಅಂಕದ ಲೆಕ್ಕ ಹೀಗಿದೆ. ಹೆಚ್ಚು ಸಮಸ್ಯೆ ಬಿಡಿಸಿದವರು ಮೇಲೆ. ಸಮ ಬಂದರೆ ದಂಡದ ನಿಮಿಷ ಯಾರಿಗೆ ಕಡಿಮೆಯೋ ಅವರು ಮೇಲೆ. ಸ್ಪರ್ಧೆ ಶುರುವಾಗಿ 40ನೇ ನಿಮಿಷಕ್ಕೆ ಉತ್ತರ ಸರಿ ಅಂತ ಬಂತು, ಅದಕ್ಕೂ ಮೊದಲು ಎರಡು ಸಲ ತಪ್ಪು ಕಳಿಸಿದ್ದಿರಿ ಅನ್ನಿ. ತಪ್ಪಿಗೆ ತಲಾ 20 ನಿಮಿಷ ಸೇರಿ ನಿಮ್ಮ ಖಾತೆಗೆ 80. ಆದರೆ ಕೊನೆಗೂ ಬಿಡಿಸಲಾಗದ ಸಮಸ್ಯೆಗೆ ಎಷ್ಟು ತಪ್ಪು ಕಳಿಸಿದ್ದರೂ ದಂಡವಿಲ್ಲ. ಅರ್ಧ ಸರಿಯಿದ್ದರೆ ಅರ್ಧ ಅಂಕ ಎಂಬ ನಮ್ಮ ಯೂನಿವರ್ಸಿಟಿ ಪರೀಕ್ಷೆಯ ಉದಾರತೆ ಇಲ್ಲಿಲ್ಲ. ತಪ್ಪಾದರೆ ಜಡ್ಜ್ ಕಡೆಯಿಂದ ಬರುವುದು "ರಾಂಗ್ ಆನ್ಸರ್" (ಉತ್ತರ ತಪ್ಪು), "ಟೈಮ್ ಲಿಮಿಟ್" (ಕೊಟ್ಟ ಸಮಯದೊಳಗೆ ಪ್ರೋಗ್ರಾಮ್ ಮುಗಿಯಲಿಲ್ಲ) ಎಂಬಂಥ ಒಂದು ಮಾತು ಅಷ್ಟೇ. ಯಾವ ಇನ್‌ಪುಟ್‌ಗೆ ಎಡವಿದಿರಿ ಅಂತ ಹೇಳುವುದಿಲ್ಲ.

ಹಾಗಾಗಿ ನಾವು ಮೊದಲು ಮಾಡಿಕೊಂಡ ಕಟ್ಟುಪಾಡು: ಕೀಬೋರ್ಡ್ ಮುಂದೆ ಕೂತು ಯಾರೂ ಯೋಚಿಸುವ ಹಾಗಿಲ್ಲ. ಯೋಚನೆಯೆಲ್ಲ ಹಾಳೆಯ ಮೇಲೆ. ಲೂಪ್ (ಮತ್ತೆ ಮತ್ತೆ ನಡೆಯುವ ಭಾಗ) ಎಲ್ಲಿಂದ ಎಲ್ಲಿಗೆ, ಅರೇ (ಸಂಖ್ಯೆಗಳನ್ನಿಡುವ ಸಾಲು) ಎಷ್ಟು ದೊಡ್ಡದು, ಅಂಚಿನ ಕೇಸ್ (ತೀರಾ ಚಿಕ್ಕ, ತೀರಾ ದೊಡ್ಡ ಇನ್‌ಪುಟ್‌ನಂಥದ್ದು) ಯಾವುದು, ಎಲ್ಲ ಬರೆದು ಪಕ್ಕದವನಿಗೆ ವಿವರಿಸಿ, ಅವನು "ಹೂಂ" ಅಂದ ಮೇಲೆಯೇ ಟೈಪಿಂಗ್. ತಪ್ಪು ಉತ್ತರ ಬಂತೋ, ಕೋಡನ್ನು ಪ್ರಿಂಟಿಗೆ ಕಳಿಸಿ ಕುರ್ಚಿ ಬಿಡಬೇಕು. ಮುಂದಿನವರು ಬೇರೆ ಸಮಸ್ಯೆ ಟೈಪ್ ಮಾಡುವಾಗ ನೀವು ಪೆನ್ನು ಹಿಡಿದು ನಿಮ್ಮ ಕೋಡ್ ಓದಬೇಕು. ಅಭ್ಯಾಸದ ದಿನಗಳಲ್ಲಿ ಈ ಮಾತಿಗೆ ಜಗಳವೇ ಆಗುತ್ತಿತ್ತು. "ಎರಡೇ ನಿಮಿಷ ಮಾರಾಯ, ಸಿಕ್ಕೇ ಬಿಟ್ಟಿತು" ಅಂದವರ ಎರಡು ನಿಮಿಷ ಯಾವತ್ತೂ ಎರಡು ನಿಮಿಷಕ್ಕೆ ಮುಗಿದದ್ದಿಲ್ಲ.

ಸಮಸ್ಯೆಗಳೆಲ್ಲ ಇಂಗ್ಲಿಷಿನಲ್ಲಿ, ಒಂದೊಂದು ಒಂದು ಪುಟ, ಒಳಗೊಂದು ಕಥೆ. ಮೊದಲ ಹದಿನೈದು-ಇಪ್ಪತ್ತು ನಿಮಿಷ ಮೂವರೂ ಹಂಚಿಕೊಂಡು ಓದುತ್ತಿದ್ದೆವು: ಒಬ್ಬ ಮೊದಲಿನಿಂದ, ಒಬ್ಬ ಕೊನೆಯಿಂದ, ಮೂರನೆಯವಳು ನಡುವಿನಿಂದ. ಓದಿದ್ದನ್ನು ಉಳಿದಿಬ್ಬರಿಗೆ ಕನ್ನಡದಲ್ಲಿ ನಾಲ್ಕು ಮಾತಿನಲ್ಲಿ ಹೇಳಬೇಕು. ಕಥೆ ಬಿಟ್ಟು ತಿರುಳು ಹೇಳಲು ತಡವರಿಸಿದರೆ ಓದಿದವನಿಗೇ ಅರ್ಥವಾಗಿಲ್ಲ ಅಂತ ಲೆಕ್ಕ. ಹಾಳೆ ಇನ್ನೊಬ್ಬರ ಕೈಗೆ. ಅನುಮಾನ ಉಳಿದರೆ ಜಡ್ಜ್‌ಗೆ ಕ್ಲಾರಿಫಿಕೇಶನ್ ಕಳಿಸಬಹುದು, ಬಹುತೇಕ ಸಲ "ಪ್ರಶ್ನೆಯನ್ನು ಇನ್ನೊಮ್ಮೆ ಓದಿ" ಎನ್ನುವ ಉತ್ತರಕ್ಕೆ ಸಿದ್ಧರಿರಬೇಕು.

ಓದುವಾಗ ಕಣ್ಣು ಮೊದಲು ಹೋಗಬೇಕಾದ್ದು ಮಿತಿಗಳ ಕಡೆಗೆ, ಅಂದರೆ ಇನ್‌ಪುಟ್ ಎಷ್ಟು ದೊಡ್ಡದಿರಬಹುದು (ಅದನ್ನೇ ಎನ್ ಅನ್ನುತ್ತಾರೆ) ಎಂಬುದರ ಕಡೆಗೆ. ಸೆಕೆಂಡಿಗೆ ಸುಮಾರು 10 ಕೋಟಿ ಸರಳ ಲೆಕ್ಕ ಅಂತ ಇಟ್ಟುಕೊಳ್ಳಿ. ಎನ್ 2 ಲಕ್ಷವಿದ್ದರೆ ಒಂದರೊಳಗೊಂದು ಎರಡು ಲೂಪ್ ಹಾಕಿದಾಗ 4,000 ಕೋಟಿ, ಆಗುವ ಮಾತಲ್ಲ. ಅದೇ ಸಾರ್ಟಿಂಗ್ ಮಾದರಿಯ ಎನ್ ಲಾಗ್ ಎನ್ ಆದರೆ 36 ಲಕ್ಷದ ಆಸುಪಾಸು, ಆರಾಮ. ಎನ್ 20 ಅಂತ ಕೊಟ್ಟಿದ್ದರೆ ಎಲ್ಲ ಉಪಗಣಗಳನ್ನೂ ನೋಡಿಬಿಡಿ ಎಂಬ ಸನ್ನೆ. ಸಿ ಪ್ಲಸ್ ಪ್ಲಸ್ ಭಾಷೆಯಲ್ಲಿ ಪೂರ್ಣಾಂಕ ಇಡುವ ಇಂಟ್‌ನಲ್ಲಿ ಹಿಡಿಸುವುದು ಸುಮಾರು 214 ಕೋಟಿ. ನೂರು ಕೋಟಿಯ ಸಂಖ್ಯೆಗಳನ್ನು 2 ಲಕ್ಷ ಸಲ ಕೂಡಿದರೆ ಅದು ಯಾವ ಮೂಲೆಗೆ? ಅಲ್ಲಿ ಇನ್ನೂ ದೊಡ್ಡ ಸಂಖ್ಯೆ ಹಿಡಿಸುವ ಲಾಂಗ್ ಲಾಂಗ್ ಬೇಕು.

ಇನ್ನೊಂದು ಬಲೆಯಿದೆ, ಇದಕ್ಕೆ ಒಳ್ಳೊಳ್ಳೆ ತಂಡಗಳೂ ಬೀಳುತ್ತವೆ. ಒಂದೇ ಫೈಲಿನಲ್ಲಿ 10,000 ಟೆಸ್ಟ್ ಕೇಸ್ (ಬೇರೆ ಬೇರೆ ಇನ್‌ಪುಟ್), ಎಲ್ಲದರ ಎನ್ ಕೂಡಿದರೆ 2 ಲಕ್ಷ ಮೀರುವುದಿಲ್ಲ ಅಂತಿರುತ್ತದೆ. ಪ್ರತಿ ಕೇಸಿಗೂ 2 ಲಕ್ಷದ ಅರೇ ಪೂರ್ತಿ ಸೊನ್ನೆ ಮಾಡುತ್ತಾ ಕೂತರೆ ಅಷ್ಟಕ್ಕೇ 200 ಕೋಟಿ ಬರಹ. ಆಲ್ಗಾರಿದಮ್ ಸರಿ, ಆದರೂ ಟೈಮ್ ಲಿಮಿಟ್. ಆ ಕೇಸಿನ ಎನ್ ಎಷ್ಟೋ ಅಷ್ಟನ್ನು ಮಾತ್ರ ಒರೆಸಬೇಕು.

ಜೊತೆಗೆ ಒಯ್ಯಬಹುದಾದ ಮುದ್ರಿತ ಹಾಳೆಗಳ ವಿಚಾರ. ವರ್ಲ್ಡ್ ಫೈನಲ್ಸ್‌ನಲ್ಲಿ ಮಿತಿ 25 ಪುಟ, ಒಂದೇ ಮಗ್ಗುಲು. ಅದಕ್ಕೂ ಮೊದಲಿನ ಪ್ರಾದೇಶಿಕ ಸುತ್ತು ರೀಜನಲ್‌ನಲ್ಲಿ ಆಯಾ ಕೇಂದ್ರದ ಆ ವರ್ಷದ ನಿಯಮ ನೋಡಿಕೊಳ್ಳಬೇಕು. ಅಂತರ್ಜಾಲದಿಂದ ಇಳಿಸಿದ ಲೈಬ್ರರಿಯನ್ನೇ (ಸಿದ್ಧ ಕೋಡಿನ ಸಂಗ್ರಹ) ತರುವವರಿದ್ದಾರೆ. ನನಗದು ಅಷ್ಟು ಸರಿ ಕಾಣುವುದಿಲ್ಲ, ಯಾಕೆಂದರೆ ಅದನ್ನು ಅಲ್ಲಿ ಕೈಯಾರೆ ಟೈಪ್ ಮಾಡಬೇಕು. ತಾನು ಬರೆಯದ ಕೋಡಿನಲ್ಲಿ ಒಂದು ಚಿಹ್ನೆ ತಪ್ಪಿದರೆ ಹುಡುಕುವವರು ಯಾರು? ನಾವು ಇಟ್ಟದ್ದು ಪದೇ ಪದೇ ಬೇಕಾಗುವ ವಿಧಾನಗಳ ಕೋಡ್: ಸೆಗ್ಮೆಂಟ್ ಟ್ರೀ, ಡಿಎಸ್‌ಯು, ಡೈಕ್‌ಸ್ಟ್ರಾ, ಡಿನಿಕ್ ಫ್ಲೋ, ಕೆಎಂಪಿ, ಮಾಡ್ಯುಲೋ ಗಣಿತ, ಒಂದಿಷ್ಟು ಜ್ಯಾಮಿತಿ. ಪ್ರತಿಯೊಂದನ್ನೂ ನಮ್ಮಲ್ಲೇ ಒಬ್ಬರು ಬರೆದು, ಬೇರೊಬ್ಬರು ಹಾಳೆ ನೋಡಿ ಟೈಪ್ ಮಾಡಿ, ಹಳೆಯ ಸಮಸ್ಯೆಗೆ ಕಳಿಸಿ ಪಾಸಾದ ಮೇಲೆಯೇ ಒಳಗೆ. ಸ್ವೀಡನ್ನಿನ ಕೆಟಿಎಚ್ ವಿಶ್ವವಿದ್ಯಾಲಯದ ತಂಡಗಳ ಹಾಳೆಗಳಲ್ಲಿ ಟೈಪಿಂಗ್ ಸರಿಯಿದೆಯೇ ಎಂದು ತಾಳೆ ನೋಡಲು ಹ್ಯಾಶ್, ಅಂದರೆ ಆ ಕೋಡಿನಿಂದಲೇ ಲೆಕ್ಕ ಹಾಕಿದ ಪುಟ್ಟ ಗುರುತು, ಕೊಟ್ಟಿರುತ್ತಾರೆ. ಅದನ್ನು ಕಂಡಾಗ ಇವರೂ ನಮ್ಮ ಹಾಗೇ ಪಾಡು ಪಟ್ಟಿದ್ದಾರೆ ಅನಿಸಿತು.

ಅಭ್ಯಾಸಕ್ಕೆ ಕೋಡ್‌ಫೋರ್ಸಸ್ ಜಾಲತಾಣದ ಜಿಮ್ ವಿಭಾಗದಲ್ಲಿ ಹಳೆಯ ರೀಜನಲ್‌ಗಳ ಸಮಸ್ಯೆಗಳಿವೆ. ವಾರದಲ್ಲಿ ಮನೆಯಲ್ಲಿ ಒಬ್ಬೊಬ್ಬರೇ, ಭಾನುವಾರ ಕಾಲೇಜು ಲ್ಯಾಬಿನಲ್ಲಿ ಮೂವರಿಗೂ ಒಂದೇ ಕಂಪ್ಯೂಟರ್, ಪೂರ್ತಿ 5 ಗಂಟೆ. ನಡುವೆ ಊಟಕ್ಕೆ ಏಳುವ ಹಾಗಿರಲಿಲ್ಲ. ಬಾಳೆಹಣ್ಣು, ಚಿಕ್ಕಿ ಅಷ್ಟೇ.

ನಮ್ಮ ರೀಜನಲ್ ಕೇರಳದ ಅಮೃತಪುರಿಯಲ್ಲಿ. ಮಂಗಳೂರಿನಲ್ಲಿ ಸಂಜೆ ಮಲಬಾರ್ ಎಕ್ಸ್‌ಪ್ರೆಸ್ ಹತ್ತಿದರೆ ಬೆಳಗಿನ ಹೊತ್ತಿಗೆ ಇಳಿಯುವ ನಿಲ್ದಾಣ ಕಾಯಂಕುಳಂ. ಹಿಂದಿನ ದಿನದ ಪ್ರಾಕ್ಟೀಸ್ ಸೆಷನ್ನನ್ನು ಸುಮ್ಮನೆ ಕಳೆಯಬೇಡಿ. ಎಡಿಟರ್ ಯಾವುದಿದೆ, ಪ್ರಿಂಟ್ ಎಷ್ಟು ಹೊತ್ತಿಗೆ ಕೈಗೆ ಬರುತ್ತದೆ, ಬೇಕೆಂದೇ ಮುಗಿಯದ ಲೂಪ್ ಕಳಿಸಿದರೆ ಉತ್ತರ ಹೇಗೆ ಬರುತ್ತದೆ, 10 ಕೋಟಿ ಲೆಕ್ಕಕ್ಕೆ ಆ ಯಂತ್ರ ಎಷ್ಟು ಸಮಯ ತೆಗೆದುಕೊಳ್ಳುತ್ತದೆ, ಎಲ್ಲ ಅಳೆದು ನೋಡಿ.

ಸ್ಪರ್ಧೆಯಲ್ಲಿ ಸಮಸ್ಯೆ ಬಿಡಿಸಿದ ಮೇಜಿಗೆ ಬಲೂನ್ ಕಟ್ಟುತ್ತಾರೆ, ಸಮಸ್ಯೆಗೊಂದು ಬಣ್ಣ. ಸುತ್ತ ಒಂದೇ ಬಣ್ಣ ಹೆಚ್ಚುತ್ತಿದೆ ಅಂದರೆ ಆ ಸಮಸ್ಯೆ ಸುಲಭ. ಎಷ್ಟೇ ಇಷ್ಟದ ಸಮಸ್ಯೆಯಲ್ಲಿ ಮುಳುಗಿದ್ದರೂ ಬಿಟ್ಟು ಅತ್ತ ತಿರುಗಬೇಕು. ಕೊನೆಯ ಒಂದು ಗಂಟೆ ಸ್ಕೋರ್‌ಬೋರ್ಡ್ ಸ್ಥಗಿತವಾಗುತ್ತದೆ, ಬೇರೆಯವರು ಏನು ಬಿಡಿಸಿದರು ಅಂತ ಅದರಲ್ಲಿ ಕಾಣುವುದಿಲ್ಲ. ಆ ಹೊತ್ತಿಗೆ ಹೊಸ ಸಮಸ್ಯೆ ಶುರು ಮಾಡುವುದಿಲ್ಲ ಅಂತ ನಾವು ಮೊದಲೇ ಮಾತಾಡಿಕೊಂಡಿದ್ದೆವು. ಅರ್ಧಕ್ಕೆ ನಿಂತವುಗಳಲ್ಲಿ ಗೆಲ್ಲುವಂಥದ್ದು ಒಂದನ್ನು ಆರಿಸಿ, ಒಬ್ಬಳು ಟೈಪ್ ಮಾಡುವುದು, ಒಬ್ಬ ಪಕ್ಕದಲ್ಲಿ ಕೂತು ಸಾಲು ಸಾಲು ಓದುವುದು, ಮೂರನೆಯವ ಟೆಸ್ಟ್ ಇನ್‌ಪುಟ್ ಬರೆದು ಕೊಡುವುದು. ಉಳಿದ ಸಮಸ್ಯೆಗಳನ್ನು ಊರಿಗೆ ವಾಪಸಾದ ವಾರವೇ ಕೂತು ಬಿಡಿಸಿದೆವು, ಆಗ ಮಾತ್ರ ಮೂವರಿಗೂ ಒಂದೊಂದು ಕಂಪ್ಯೂಟರ್.