ಸೀಟು ಕೇಳುವಾಗ, ಸೀಟು ಬಿಡುವಾಗ

ನನಗೆ ರುಮಟಾಯ್ಡ್ ಸಂಧಿವಾತ. ಮೈಯನ್ನು ಕಾಯಬೇಕಾದ ರೋಗನಿರೋಧಕ ವ್ಯವಸ್ಥೆಯೇ ಕೀಲುಗಳ ಒಳಪದರದ ಮೇಲೆ ತಿರುಗಿಬೀಳುವ ಕಾಯಿಲೆ. ಹೊರಗಿನಿಂದ ನೋಡಿದವರಿಗೆ ಏನೂ ಕಾಣದು. ಬೆಳಿಗ್ಗೆ ಎದ್ದ ಮೇಲೆ ಒಂದು ತಾಸಿಗೂ ಹೆಚ್ಚು ಹೊತ್ತು ಬೆರಳು ಮಡಚಲು ಬರುವುದಿಲ್ಲ, ನಾನು ಕೆಲಸಕ್ಕೆ ಹೊರಡುವುದೂ ಅದೇ ಹೊತ್ತಿಗೆ. ಬಸ್ಸಿನಲ್ಲಿ ತಲೆಯ ಮೇಲೆ ತೂಗುವ ಹಿಡಿಯೊಳಗೆ ನಾಲ್ಕೂ ಬೆರಳು ತೂರಿಸುತ್ತೇನೆ, ಮುಷ್ಟಿ ಮಾತ್ರ ಕೂಡುವುದಿಲ್ಲ. ಬ್ರೇಕ್ ಬಿದ್ದರೆ ಇಡೀ ಮೈಭಾರ ಆ ಅರೆಮಡಚಿದ ಗೆಣ್ಣುಗಳ ಮೇಲೆ. ಅದಕ್ಕೇ ನನಗೆ ಮೀಸಲು ಸೀಟು ಬೇಕು. ಅದನ್ನು ಕೇಳಿ ಕೇಳಿ ಕಲಿತದ್ದು ಇಷ್ಟು.

ಕಾಯಿಲೆಯ ಹೆಸರು ಹೇಳಬೇಡಿ. ಹೇಳಿದಿರೋ, "ಇಷ್ಟು ಚಿಕ್ಕ ವಯಸ್ಸಿಗಾ?" ಎಂದು ವಿಚಾರಣೆ ಶುರುವಾಗುತ್ತದೆ, ನೀವು ನಿಂತೇ ಉತ್ತರ ಕೊಡುತ್ತಿರುತ್ತೀರಿ. ಮೈಗೆ ಏನು ಆಗುವುದಿಲ್ಲವೋ ಅಷ್ಟನ್ನು ಹೇಳಿ: "ನನಗೆ ನಿಂತು ಬರಲು ಆಗುವುದಿಲ್ಲ, ಸೀಟು ಬಿಟ್ಟುಕೊಡ್ತೀರಾ?" ಒಬ್ಬರ ಮುಖ ನೋಡಿ ಕೇಳಿ. ಎಲ್ಲರನ್ನೂ ಉದ್ದೇಶಿಸಿ ಕೇಳಿದರೆ ಪಕ್ಕದವರು ಏಳಲಿ ಎಂದು ಎಲ್ಲರೂ ಕಾಯುತ್ತಾರೆ. ಗಾಡಿ ಹೊರಡುವ ಮುಂಚೆಯೇ ಕೇಳಿಬಿಡಿ, ಓಲಾಡುವ ಗಾಡಿಯಲ್ಲಿ ನಾಲ್ಕು ಹೆಜ್ಜೆ ನಡೆಯುವುದೇ ದೊಡ್ಡ ಕಷ್ಟ. ಆಗಲ್ಲ ಅಂದರೆ ವಾದಕ್ಕಿಳಿಯದೆ ಇನ್ನೊಬ್ಬರನ್ನು ಕೇಳಿ, ಇಲ್ಲವೇ ಸಿಬ್ಬಂದಿಗೆ ಹೇಳಿ.

ಬಾಯಿಬಿಟ್ಟು ಕೇಳುವುದೇ ಕಷ್ಟ ಅನ್ನುವವರಿಗೆ ಬ್ಯಾಡ್ಜ್‌ಗಳಿವೆ. ಟೋಕಿಯೊದಲ್ಲಿ 2012ರಲ್ಲಿ ಶುರುವಾದ 'ಹೆಲ್ಪ್ ಮಾರ್ಕ್' ಕೆಂಪು ಬಣ್ಣದ್ದು, ಮೇಲೆ ಬಿಳಿಯ ಕೂಡು ಚಿಹ್ನೆ, ಕೆಳಗೆ ಬಿಳಿಯ ಹೃದಯ. ಲಂಡನ್ನಿನ ಸಾರಿಗೆ ಸಂಸ್ಥೆ 2017ರಿಂದ 'ದಯವಿಟ್ಟು ನನಗೆ ಸೀಟು ಕೊಡಿ' ಎನ್ನುವ ನೀಲಿ ಬ್ಯಾಡ್ಜ್ ಕೊಡುತ್ತಿದೆ. ಲಂಡನ್ ಬಳಿಯ ಗ್ಯಾಟ್ವಿಕ್ ವಿಮಾನ ನಿಲ್ದಾಣದಲ್ಲಿ 2016ರಲ್ಲಿ ಆರಂಭವಾದ, ಹೊರಗೆ ಕಾಣದ ತೊಂದರೆಯನ್ನು ಸೂಚಿಸುವ ಸೂರ್ಯಕಾಂತಿ ಹೂವಿನ ಕೊರಳಪಟ್ಟಿಯನ್ನು ಈಗ ಬೇರೆ ಬೇರೆ ದೇಶಗಳ ವಿಮಾನ ನಿಲ್ದಾಣಗಳಲ್ಲೂ ಗುರುತಿಸುತ್ತಾರೆ. ಪ್ರಯಾಣ ಹೊರಡುವ ಮುಂಚೆ ಹೋಗುವ ಊರಿನಲ್ಲಿ ಯಾವುದು ನಡೆಯುತ್ತದೆ ಎಂದು ವಿಚಾರಿಸಿಕೊಳ್ಳಿ. ಆದರೆ ಬ್ಯಾಡ್ಜ್ ಇಲ್ಲದವರಿಗೆ ಅಗತ್ಯವೂ ಇಲ್ಲ ಎಂದು ಯಾರೂ ತಿಳಿಯಬಾರದು.

ಅಂಗವೈಕಲ್ಯ ಎಂದಕೂಡಲೇ ನಮ್ಮ ಕಣ್ಣು ಗಾಲಿಕುರ್ಚಿಯನ್ನು ಹುಡುಕುತ್ತದೆ. ಡೆನ್ಮಾರ್ಕಿನ ವಿದ್ಯಾರ್ಥಿನಿ ಸುಸಾನ್ ಕೋಫೆಡ್ 1968ರಲ್ಲಿ ಬರೆದುಕೊಟ್ಟ ಚಿಹ್ನೆ ಲೋಕವೆಲ್ಲ ಹರಡಿ, ಮನಸ್ಸಿನಲ್ಲಿ ಅದೇ ಕೂತಿದೆ. ಹೃದಯದ ತೊಂದರೆ, ಮೂರ್ಛೆರೋಗ, ಮಿದುಳು ಮತ್ತು ನರಗಳನ್ನು ಕಾಡುವ ಮಲ್ಟಿಪಲ್ ಸ್ಕ್ಲೆರೋಸಿಸ್ ಇವಕ್ಕೆ ಎಷ್ಟೋ ಸಲ ಗಾಲಿ ಇರುವುದಿಲ್ಲ. ಇನ್ನೊಂದು ಮಾತು: ನಿನ್ನೆ ನಿಂತವರು ಇವತ್ತು ಸೀಟು ಕೇಳಿದರೆ ಸುಳ್ಳುಗಾರರಲ್ಲ. ನನ್ನ ಕಾಯಿಲೆ ಏರುತ್ತದೆ, ಇಳಿಯುತ್ತದೆ. ಒಂದು ವಾರ ನಿಂತೇ ಬಂದು, ಮರುವಾರ ಬಾಟಲಿಯ ಮುಚ್ಚಳವನ್ನೂ ತಿರುಗಿಸಲಾರದೆ ಇದ್ದದ್ದುಂಟು. "ನಿನ್ನೆ ಚೆನ್ನಾಗೇ ಇದ್ರಲ್ಲ" ಎನ್ನುವ ಮಾತು ಗೆಣ್ಣಿನ ನೋವಿಗಿಂತ ಹೆಚ್ಚು ಹೊತ್ತು ಉಳಿಯುತ್ತದೆ.

ಮೀಸಲು ಸೀಟಿನಲ್ಲಿ ಕೂತವರು ಪ್ರತಿ ನಿಲ್ದಾಣದಲ್ಲೂ ಒಮ್ಮೆ ಫೋನಿನಿಂದ ತಲೆ ಎತ್ತಿ. ಯಾರಾದರೂ ಕೇಳಿದರೆ, ನಿಮಗೆ ನಿಲ್ಲಲು ಆಗುವುದಾದರೆ, ಏಳಿ. ಇಳಿದ ಮೇಲೆ ಅವರು ಕುಂಟುತ್ತಾರೋ ಇಲ್ಲವೋ ಎಂದು ನೋಡುತ್ತಾ ನಿಲ್ಲಬೇಡಿ. ನೀವಾಗಿ ಸೀಟು ಕೊಟ್ಟಾಗ ಬೇಡ ಅಂದರೆ ಬಿಟ್ಟುಬಿಡಿ, ಕೆಲವರಿಗೆ ಕೂತು ಏಳುವುದೇ ಹೆಚ್ಚು ನೋವು. ಕೈಹಿಡಿದು ಎಳೆದು ಮಾತ್ರ ಕೂರಿಸಬೇಡಿ. ಒಮ್ಮೆ ಒಬ್ಬ ಹಿರಿಯರು ಅಕ್ಕರೆಯಿಂದಲೇ ನನ್ನ ಊದಿದ ಮಣಿಕಟ್ಟು ಹಿಡಿದೆಳೆದರು. ಕಣ್ಣು ಕತ್ತಲೆ ಬಂತು.

ಊಹೆಯ ತಪ್ಪು ನನ್ನಿಂದಲೂ ಆಗಿದೆ. ಮೀಸಲು ಸೀಟಿನಲ್ಲಿ ಇಯರ್‌ಫೋನ್ ಹಾಕಿ ಕಣ್ಣು ಮುಚ್ಚಿ ಕೂತಿದ್ದ ಹುಡುಗನ ಭುಜ ತಟ್ಟಿ, "ಏಳಪ್ಪಾ, ಇದು ಆಗದವರ ಸೀಟು" ಅಂದೆ. ಅವನು ಇಯರ್‌ಫೋನ್ ತೆಗೆದು ಮೆತ್ತಗೆ, "ನನಗೂ ಆಗಲ್ಲ" ಅಂದ. ಕಾರಣ ಹೇಳಲಿಲ್ಲ, ನಾನೂ ಕೇಳಲಿಲ್ಲ. ಎದುರಿಗಿದ್ದ ಹೆಂಗಸೊಬ್ಬರು ಎದ್ದು ನನಗೆ ಜಾಗ ಕೊಟ್ಟರು. ನನ್ನ ನಿಲ್ದಾಣ ಬರುವವರೆಗೂ ಅವನು ಎರಡೂ ಕೈಯಲ್ಲಿ ಮುಂದಿನ ಕಂಬಿಯನ್ನು ಬಿಗಿಯಾಗಿ ಹಿಡಿದೇ ಇದ್ದ. ಅಂದಿನಿಂದ ನಾನು ಕೇಳುವಾಗ ಮೊದಲು ಸೇರಿಸುವ ಮಾತು, "ನಿಮಗೆ ನಿಲ್ಲಲು ತೊಂದರೆ ಇಲ್ಲದಿದ್ದರೆ..."