16 ಪಿನ್ ಇದ್ದ ಮಾತ್ರಕ್ಕೆ ಓಬಿಡಿ-2 ಆಗಲ್ಲ: ಹಳೆ ಗಾಡಿಗೆ ಮೀಟರ್ ಹಿಡಿದ ಅನುಭವ

ಸ್ಟಿಯರಿಂಗ್ ಕೆಳಗೆ 16 ಪಿನ್ ಕಪ್ಲರ್ (ಸ್ಕ್ಯಾನರ್ ಚುಚ್ಚುವ ಸಾಕೆಟ್) ಕಂಡರೆ ಸಾಕು, ಇದು ಓಬಿಡಿ-2 ಗಾಡಿ, ಅಂದರೆ ಸಾಮಾನ್ಯ ಸ್ಕ್ಯಾನರ್ ಫಾಲ್ಟ್ ಓದಬಲ್ಲ ಗಾಡಿ ಅಂತ ತೀರ್ಮಾನ ಮಾಡುವವರು ನಮ್ಮ ಗ್ಯಾರೇಜ್ ಲೈನಿನಲ್ಲಿ ಬಹಳ ಜನ. ಸ್ಕ್ಯಾನರ್ ಲಿಂಕ್ ಆಗದಿದ್ದರೆ ಮುಂದಿನ ಮಾತೂ ರೆಡಿ ಇರುತ್ತದೆ: ‘ಇಸಿಎಂ (ಇಂಜಿನ್ ನಡೆಸುವ ಕಂಪ್ಯೂಟರ್) ಹೋಗಿದೆ.’ ಮೊದಲು ಮೀಟರ್ (ವೋಲ್ಟ್, ಓಮ್ ಅಳೆಯುವ ಮಲ್ಟಿಮೀಟರ್) ಹಿಡಿದು ಯಾವ ಸಿಸ್ಟಮ್ ಅಂತ ಪತ್ತೆ ಮಾಡೋಣ ಅಂತ ನಾನಂದರೆ ನಗುತ್ತಿದ್ದರು. ಈಗ ಹಳೆ ಗಾಡಿ ಬಂದರೆ ಅವರೇ ನನಗೆ ಫೋನ್ ಮಾಡುತ್ತಾರೆ. ಹಾಗಾಗಿ ಧೈರ್ಯವಾಗಿ ಬರೆಯುತ್ತಿದ್ದೇನೆ.

ಇಸವಿ ಗೊತ್ತಿದ್ದರೆ ಅರ್ಧ ಕೆಲಸ ಮುಗಿದ ಹಾಗೆ. ಅಮೆರಿಕದಲ್ಲಿ 1996ರ ಮಾಡೆಲಿನಿಂದ ಓಬಿಡಿ-2 ಕಡ್ಡಾಯ. ಯುರೋಪಿನಲ್ಲಿ ಪೆಟ್ರೋಲ್ ಕಾರಿಗೆ 2001ರಿಂದ. ನಮ್ಮಲ್ಲಿ ಬಿಎಸ್-4 (ಭಾರತ್ ಸ್ಟೇಜ್ ಹೊಗೆ ನಿಯಮ) ಗಾಡಿಗಳಿಗೆ 2010ರ ಏಪ್ರಿಲ್‌ನಲ್ಲಿ ಓಬಿಡಿ-1, 2013ರ ಏಪ್ರಿಲ್‌ನಲ್ಲಿ ಓಬಿಡಿ-2. ಅದಕ್ಕಿಂತ ಹಿಂದಿನದರಲ್ಲಿ ಕಂಪನಿ ತನಗೆ ಬೇಕಾದ ಪ್ರೋಟೋಕಾಲ್ (ಸ್ಕ್ಯಾನರ್ ಜೊತೆ ಮಾತಾಡುವ ಭಾಷೆ) ಹಾಕಿರುತ್ತದೆ. ಪೆಟ್ರೋಲ್ ಗಾಡಿಯಾದರೆ ಕೆಳಗೆ ಬಗ್ಗಿ ನೋಡಿ. ಕ್ಯಾಟ್ (ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್) ಆದಮೇಲೆ ಎರಡನೇ ಆಕ್ಸಿಜನ್ ಸೆನ್ಸರ್ ಇಲ್ಲ ಅಂದರೆ ಪೂರ್ತಿ ಓಬಿಡಿ-2 ಆಸೆ ಬಿಡಿ.

ಇಷ್ಟು ಗೊತ್ತಾಗೋ ಹೊತ್ತಿಗೆ ದುಡ್ಡು ಸಾಕಷ್ಟು ಹೋಗಿತ್ತು. ಮೊದಲು ತಂದದ್ದು 400 ರೂಪಾಯಿಯ ಬ್ಲೂಟೂತ್ ಡಾಂಗಲ್, ಇಎಲ್‌ಎಂ 327 ಅನ್ನುವ ಓಬಿಡಿ ಚಿಪ್‌ನ ನಕಲಿ. ಹೊಸ ಗಾಡಿಯಲ್ಲಿ ಚೆನ್ನಾಗಿ ಓಡಿತು, ಹಳೆಯದಕ್ಕೆ ಬಾಯೇ ಬಿಡಲಿಲ್ಲ. ಬಿಚ್ಚಿ ನೋಡಿದರೆ ಕೆ-ಲೈನ್‌ಗೆ (ಹಳೆ ಗಾಡಿಗಳು ಸ್ಕ್ಯಾನರ್ ಜೊತೆ ಮಾತಾಡುವ ಒಂಟಿ ವೈರ್) ಬೇಕಾದ ಪಾರ್ಟ್ಸೇ ಬೋರ್ಡಿನಲ್ಲಿ ಇರಲಿಲ್ಲ. ಆಮೇಲೆ ಸುಮಾರು 28 ಸಾವಿರ ಕೊಟ್ಟು ದೊಡ್ಡ ಸ್ಕ್ಯಾನರ್ ತಂದೆ. ‘ಎಲ್ಲಾ ಮಾರುತಿ ಓದುತ್ತೆ’ ಅಂತ ಹೇಳಿ ಮಾರಿದ್ದರು. ಅದರ ಮೆನುವಿನಲ್ಲಿ ಹೆಸರಿದ್ದ ಗಾಡಿಗಳೂ ಎಷ್ಟೋ ಲಿಂಕ್ ಆಗಲಿಲ್ಲ. ಬಾಡಿಗೆಗೆ ಸ್ಕ್ಯಾನರ್ ತರುವವರು ಒಂದು ಸಲಕ್ಕೆ 1500 ತಗೊಳ್ಳುತ್ತಿದ್ದರು, ಉತ್ತರ ಅದೇ. ಕೊನೆಗೆ ಕೆಲಸಕ್ಕೆ ಬಂದದ್ದು 900 ರೂಪಾಯಿಯ ಮೀಟರ್.

ನಾನು ಮಾಡುವುದು ಹೀಗೆ. ಮೊದಲು ಟಾರ್ಚ್ ಹಾಕಿ ಯಾವ ತೂತಿನಲ್ಲಿ ಲೋಹ ಇದೆ ಅಂತ ನೋಡುತ್ತೇನೆ. 16 ತೂತು ಇದ್ದರೂ ಹಳೆ ಗಾಡಿಯಲ್ಲಿ ಐದಾರಕ್ಕೆ ಮಾತ್ರ ಪಿನ್ ಇರುತ್ತದೆ. ಮೀಟರಿನ ದಪ್ಪ ಕಡ್ಡಿ ತುರುಕಬೇಡಿ, ಪಿನ್ ಬಾಯಿ ಅಗಲ ಆಗುತ್ತದೆ. ನಾನು ಹೊಲಿಗೆ ಸೂಜಿಗೆ ವೈರ್ ಬೆಸುಗೆ ಹಾಕಿ ಇಟ್ಟುಕೊಂಡಿದ್ದೇನೆ. ಮೀಟರಿನ ಕಪ್ಪು ವೈರ್ ಪಿನ್ 4ಕ್ಕೆ (ಅದು ಅರ್ತ್), ಇಗ್ನಿಷನ್ ಆನ್. 16ರಲ್ಲಿ ಬ್ಯಾಟರಿ ವೋಲ್ಟೇಜ್ ಬರಬೇಕು. ಬರದಿದ್ದರೆ ಫ್ಯೂಸ್ ನೋಡಿ. ಡೋಮ್ ಲೈಟ್, ಲೈಟರ್ ಜೊತೆ ಒಂದೇ ಫ್ಯೂಸ್ ಇರುವ ಗಾಡಿಗಳಿವೆ.

6 ಮತ್ತು 14ರಲ್ಲಿ ಎರಡೂವರೆ ವೋಲ್ಟ್ ಆಸುಪಾಸು ಬಂದರೆ ಕ್ಯಾನ್, ಅಂದರೆ ಹೊಸ ಗಾಡಿಗಳ ಎರಡು ವೈರಿನ ಲೈನ್. ಇಗ್ನಿಷನ್ ಆಫ್ ಮಾಡಿ ಎರಡರ ಮಧ್ಯೆ ಅಳೆದರೆ 60 ಓಮ್ ಸಿಗಬೇಕು. 7ರಲ್ಲಿ 12 ವೋಲ್ಟ್ ಹತ್ತಿರ ಇದ್ದರೆ ಕೆ-ಲೈನ್. ಇಲ್ಲೊಂದು ತೊಡಕಿದೆ. ಕೆಲವು ಗಾಡಿಯಲ್ಲಿ ಸ್ಕ್ಯಾನರ್ ಹಾಕದೆ ಕೆ-ಲೈನ್‌ನಲ್ಲಿ ವೋಲ್ಟೇಜ್ ಮೇಲೇಳುವುದೇ ಇಲ್ಲ. 16ರಿಂದ 7ಕ್ಕೆ 510 ಓಮ್ ರೆಸಿಸ್ಟರ್ ಕೊಟ್ಟು ನೋಡಿ. ಕೆ-ಲೈನ್ ಇದೆ ಅಂದಮೇಲೂ ಅದು ಓಬಿಡಿ ಮಾತಾಡುತ್ತೆ ಅಂತ ಗ್ಯಾರಂಟಿ ಇಲ್ಲ, ಕಂಪನಿಯ ಸ್ವಂತ ಪ್ರೋಟೋಕಾಲ್ ಇರಬಹುದು.

ನನ್ನ ಹಟ ಗೆದ್ದದ್ದು 2002ರ ಮಾರುತಿ ಸುಜುಕಿ ಬಲೆನೊದಲ್ಲಿ. ಲೀಟರಿಗೆ ಏಳೆಂಟು ಕಿಲೋಮೀಟರ್, ಪ್ಲಗ್ ಬಿಚ್ಚಿದರೆ ಮಸಿ. ಎಲ್ಲರೂ ಇಸಿಎಂ ಬದಲಿಸಿ ಅಂದಿದ್ದರು. ಬೆಂಗಳೂರಿನ ಶಿವಾಜಿನಗರದಲ್ಲಿ ಹಳೆಯದಕ್ಕೇ ಎಂಟು ಸಾವಿರ ಕೇಳಿದ್ದರಂತೆ. ಬಾನೆಟ್ ಒಳಗಿನ ಮಾನಿಟರ್ ಕಪ್ಲರ್‌ನಲ್ಲಿ (ಚೆಕ್ ಮಾಡಲು ಇಟ್ಟ ಬೇರೆ ಸಾಕೆಟ್) ಡಯಾಗ್ನೋಸಿಸ್ ಟರ್ಮಿನಲ್ ಅನ್ನು ಅರ್ತ್ ಮಾಡಿದೆ. ಚೆಕ್ ಲೈಟ್ ಒಂದು ಸಲ ಮಿನುಗಿತು, ಸ್ವಲ್ಪ ಬಿಟ್ಟು ಎರಡು ಸಲ. ಕೋಡ್ 12, ಅಂದರೆ ಫಾಲ್ಟ್ ಇಲ್ಲ. ಸತ್ತ ಇಸಿಎಂ ಕೋಡ್ 12 ಕೊಡುತ್ತಾ? ಅಲ್ಲಿಗೇ ಅರ್ಧ ವಾದ ಮುಗೀತು. ಆದರೆ ಪೆಟ್ರೋಲ್ ಯಾಕೆ ಜಾಸ್ತಿ ಕುಡಿಯುತ್ತಿದೆ ಅಂತ ತಿಳಿಯಲು ಲೈವ್ ಡೇಟಾ, ಅಂದರೆ ಆ ಕ್ಷಣದ ಸೆನ್ಸರ್ ರೀಡಿಂಗ್ ಬೇಕಿತ್ತು.

ಸೂಜಿ ಹಾಕಿದೆ. ಸ್ಟಿಯರಿಂಗ್ ಕೆಳಗಿನ ಕಪ್ಲರ್‌ನ 7ರಲ್ಲಿ ಏನೂ ಇಲ್ಲ. 6, 14 ಖಾಲಿ. 9ರಲ್ಲಿ 5 ವೋಲ್ಟ್ ಹತ್ತಿರ. ಸುಜುಕಿಯವರ ಹಳೆ ಎಸ್‌ಡಿಎಲ್ ಲೈನ್ ಅದು. ಒಂದೇ ವೈರ್, 5 ವೋಲ್ಟ್, ವೇಗ 7812 ಬಾಡ್ (ಸೆಕೆಂಡಿಗೆ ಅಷ್ಟು ಬಿಟ್). 327 ಡಾಂಗಲ್‌ಗೆ ಪಿನ್ 9 ಗೊತ್ತೇ ಇಲ್ಲ, ವರ್ಷಗಟ್ಟಲೆ ಹಚ್ಚಿಟ್ಟರೂ ಲಿಂಕ್ ಆಗಲ್ಲ. ಎಸ್.ಪಿ. ರಸ್ತೆಯಿಂದ ಎಫ್‌ಟಿಡಿಐ ಯುಎಸ್‌ಬಿ ಸೀರಿಯಲ್ ಬೋರ್ಡ್ (ಇಂಥ ಲೈನನ್ನು ಲ್ಯಾಪ್‌ಟಾಪ್‌ಗೆ ಜೋಡಿಸುವ ಬೋರ್ಡ್) ತಂದೆ, 700 ಚಿಲ್ಲರೆ. ಹಳೆ ಲ್ಯಾಪ್‌ಟಾಪ್ ಮನೆಯಲ್ಲೇ ಇತ್ತು. ಕಳಿಸುವ, ಪಡೆಯುವ ಎರಡು ವೈರನ್ನು ಒಂದೇ ಲೈನಿಗೆ ಸೇರಿಸಲು ಚಿಕ್ಕ ಸರ್ಕ್ಯೂಟ್ ಬೇಕು. ಮೊದಮೊದಲು ನಾನು ಕಳಿಸಿದ್ದೇ ನನಗೆ ವಾಪಸ್ ಬರುತ್ತಿತ್ತು. ಒಂದೆರಡು ವಾರ ರಾತ್ರಿ ಕೂತೆ. ಒಂದು ಎಚ್ಚರಿಕೆ: ಕೆಲಸ ಮಾಡುವಾಗ 16ರ ವೈರ್‌ಗೆ ಟೇಪ್ ಸುತ್ತಿಡಿ. 12 ವೋಲ್ಟ್ 9ಕ್ಕೆ ತಗುಲಿದರೆ ಇಸಿಎಂ ಸುಟ್ಟುಹೋಗಬಹುದು.

ಡೇಟಾ ಬಂತು. ಇಂಜಿನ್ ಕಾದು ಕೂತಿದೆ, ಇಸಿಎಂಗೆ ಕಾಣುತ್ತಿರುವ ಕೂಲೆಂಟ್ ಟೆಂಪರೇಚರ್ ಮಾತ್ರ 40 ಡಿಗ್ರಿ. ಇಂಜಿನ್ ಇನ್ನೂ ತಣ್ಣಗಿದೆ ಅಂದುಕೊಂಡು ಪೆಟ್ರೋಲ್ ಸುರಿಯುತ್ತಿತ್ತು. 40 ಡಿಗ್ರಿ ಆಗಬಾರದ ರೀಡಿಂಗ್ ಏನಲ್ಲ, ಅದಕ್ಕೇ ಕೋಡ್ ಬಿದ್ದಿಲ್ಲ. ಡ್ಯಾಶ್‌ಬೋರ್ಡಿನ ಮುಳ್ಳಿಗೆ ಬೇರೆ ಸೆನ್ಸರ್, ಅದು ಸರಿಯಾಗೇ ತೋರಿಸುತ್ತಿತ್ತು. ರೇಡಿಯೇಟರ್ ಫ್ಯಾನ್ ತಿರುಗದ್ದು ನೋಡಿ ಅನುಮಾನ ಪಡೋಣ ಅಂದರೆ ಅದನ್ನು ಹಿಂದೆ ಯಾರೋ ಡೈರೆಕ್ಟ್ ಸ್ವಿಚ್‌ಗೆ ಹಾಕಿಸಿದ್ದರು. ಸೆನ್ಸರ್ ಬಿಚ್ಚಿ ಬಿಸಿನೀರಿನಲ್ಲಿಟ್ಟು ಅಳೆದೆ. 80 ಡಿಗ್ರಿಗೆ 300 ಓಮ್ ಆಸುಪಾಸು, ಚೆನ್ನಾಗಿದೆ. ಸೆನ್ಸರ್ ಕಪ್ಲರಿನ ರಬ್ಬರ್ ಸರಿಸಿದರೆ ಒಳಗೆ ವೈರ್ ಕಿಲುಬು ಹಿಡಿದು ಹಸಿರು ಪುಡಿಯಾಗಿತ್ತು. ಕಪ್ಲರ್ ಬದಲಿಸಿದ್ದಕ್ಕೆ 150 ರೂಪಾಯಿ. ಮೈಲೇಜ್ ಹನ್ನೆರಡರ ಮೇಲೆ ಬಂತು.

ಆಮೇಲೆ ಹುಚ್ಚು ಹಿಡಿದು ಸಿಕ್ಕ ಗಾಡಿಗೆಲ್ಲ ಸೂಜಿ ಹಾಕಿದೆ. ಹಳೆ ಮಿತ್ಸುಬಿಷಿ ಲ್ಯಾನ್ಸರ್‌ನಲ್ಲಿ ಪಿನ್ 1 ಅರ್ತ್ ಮಾಡಿದರೆ ಚೆಕ್ ಲೈಟ್ ಕೋಡ್ ಮಿನುಗಿಸುತ್ತದೆ. ಓಪೆಲ್ ಕೋರ್ಸಾದಲ್ಲಿ 5 ಮತ್ತು 6 ಸೇರಿಸಬೇಕು, ಪೇಪರ್ ಕ್ಲಿಪ್ ಸಾಕು. ಗಮನಿಸಿ, ಕ್ಯಾನ್ ಗಾಡಿಯಲ್ಲಿ ಇದೇ 6 ಕ್ಯಾನ್-ಹೈ, ಅಂದರೆ ಕ್ಯಾನ್‌ನ ಎರಡು ವೈರಿನಲ್ಲಿ ಒಂದು. ಅದಕ್ಕೇ ಮೀಟರ್ ಇಡದೆ ಕ್ಲಿಪ್ ಹಾಕಬೇಡಿ ಅಂತ ಹುಡುಗರಿಗೆ ಜೋರು ಮಾಡುತ್ತೇನೆ.

ಈಗ ಸಿಸ್ಟಮ್ ಪತ್ತೆಗೆ ಮಾತ್ರ 300 ತಗೊಳ್ಳುತ್ತೇನೆ, ಹತ್ತು ನಿಮಿಷದ ಕೆಲಸ. ಯಾವ ಗಾಡಿಯಲ್ಲಿ ಯಾವ ಪಿನ್‌ಗೆ ಎಷ್ಟು ವೋಲ್ಟ್ ಅಂತ ನೋಟ್‌ಬುಕ್‌ನಲ್ಲಿ ಬರೆದಿಟ್ಟಿದ್ದೇನೆ, ಬೇಕಾದವರಿಗೆ ಕೊಡುತ್ತೇನೆ. ಎಸ್‌ಡಿಎಲ್ ಸರ್ಕ್ಯೂಟಿನ ರೆಸಿಸ್ಟರ್ ಬೆಲೆಗಳು ಮಾತ್ರ ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.